ಇನ್ನೊಬ್ಬರ ನೋಟ್‌ಬುಕ್ ತಿದ್ದುತ್ತಿದ್ದ ಸಾರ್

ನಮ್ಮ ಸಾರ್ ಹೋದರು ಅನ್ನುವ ಸುದ್ದಿ ಹಳೆಯ ಅಪ್ರೆಂಟಿಸ್‌ಗಳ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ನಂಬಲಿಲ್ಲ. ಜೊತೆಗೆ ಹಾಕಿದ್ದ ಫೋಟೊದಲ್ಲಿ ಅವರು ನಗುತ್ತಿದ್ದರು. ಅವರು ಹಾಗೆ ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಕಂಡವಳೇ ಅಲ್ಲ. ಯಾರದೋ ಫೋಟೊ ಹಾಕಿದ್ದಾರೆ, ಹಾಗಾಗಿ ಹೋದವರೂ ಬೇರೆ ಯಾರೋ ಇರಬೇಕು ಅಂದುಕೊಂಡೆ. ಆಮೇಲೆ ಹಿಗ್ಗಿಸಿ ನೋಡಿದರೆ ಕಿವಿಯ ಮೇಲೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಇರುವ ಪೆನ್ಸಿಲ್ಲು. ಅವರೇ.

ಕೆ.ಆರ್. ಪುರದ ಆಚೆ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿ ಅಪ್ರೆಂಟಿಸ್‌ಗಳಿಗೆ ಕೆಲಸ ಕಲಿಸುವ ವಿಭಾಗ ಅವರದು. ನಾನು ಮರ್ಫಿ ಟೌನಿನವಳು. ಐಟಿಐ ಮುಗಿಸಿ ಫಿಟ್ಟರ್ ಅಪ್ರೆಂಟಿಸ್ ಆಗಿ ಸೇರಿದೆ. ಹದಿನಾರು ಹುಡುಗರು, ನಾವು ಇಬ್ಬರೇ ಹುಡುಗಿಯರು. ಮೊದಲ ದಿನವೇ ಎಲ್ಲರ ಕೈಗೂ ಒಂದೊಂದು ಕಬ್ಬಿಣದ ತುಂಡು, ಒಂದೊಂದು ಅರ ಕೊಟ್ಟು, ಉಜ್ಜಿ ನೇರ ಮಾಡಿ ಅಂದರು. ಮೂರು ವಾರ ಉಜ್ಜಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಒಬ್ಬ ಹುಡುಗ ತಡೆಯಲಾರದೆ ಕೇಳಿದ: "ಸಾರ್, ಅಲ್ಲಿ ಅಷ್ಟು ದೊಡ್ಡ ಮೆಷೀನ್ ಇದೆಯಲ್ಲ, ಐದು ನಿಮಿಷದಲ್ಲಿ ಮಾಡಿಕೊಡುತ್ತೆ." ಸಾರ್ ಅವನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾ, "ಮೆಷೀನಿಗೆ ಗೊತ್ತು ಗುರು. ನಿನಗೆ ಗೊತ್ತಾಗ್ಬೇಕಲ್ಲ" ಅಂದು ವಾಪಸ್ ಕೊಟ್ಟರು. ಆ ಹುಡುಗ ನಾಲ್ಕನೇ ವಾರವೂ ಉಜ್ಜಿದ.

'ಗುರು' ಅಂದರೆ ಬೇಸರ ಬಂದಿದೆ ಅಂತ ಅರ್ಥ. ಹುಡುಗಿಯರಾದ ನಮ್ಮಿಬ್ಬರನ್ನು ಸಮಾಧಾನದಲ್ಲಿದ್ದಾಗ 'ಅಮ್ಮಣ್ಣಿ' ಅನ್ನುತ್ತಿದ್ದರು, ಸಿಟ್ಟು ಬಂದರೆ 'ತಾಯಿ'. "ಬಾರಮ್ಮ ತಾಯಿ" ಅನ್ನುವ ಕೂಗು ಶೆಡ್ಡಿನ ಆ ತುದಿಯಿಂದ ಬಂದರೆ ಈ ತುದಿಯಲ್ಲಿ ನನ್ನ ಕೈಯ ಅರ ನಿಂತುಹೋಗುತ್ತಿತ್ತು.

ಅವರು ದುಡಿಯಲೇಬೇಕಾದ ಮನುಷ್ಯರಲ್ಲ. ಕೆ.ಆರ್. ಪುರದ ಪಕ್ಕದ ಹಳೆಯ ಊರಿನವರು. ಅವರ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ಅಣ್ಣತಮ್ಮಂದಿರೆಲ್ಲ ಬಾಡಿಗೆ ಮನೆ ಕಟ್ಟಿಸಿ, ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಅರಳಿಕಟ್ಟೆಯ ಹತ್ತಿರ ರಾಜಕೀಯ ಮಾತಾಡುತ್ತಿದ್ದರು. ಇವರು ಮಾತ್ರ ಏಳು ಗಂಟೆಯ ಪಾಳಿಗೆ ಆರೂ ಮುಕ್ಕಾಲಿಗೇ ಬಂದು ನೀಲಿ ಕೋಟು ಹಾಕಿಕೊಂಡು ನಿಂತಿರುತ್ತಿದ್ದರು. ಯಾಕೆ ಸಾರ್ ಅಂದರೆ, "ಬಾಡಿಗೆ ಕೂತಲ್ಲೇ ಬತ್ತದೆ. ವಿದ್ಯೆ ನಿಂತ್ಕೊಂಡೇ ಕಲೀಬೇಕು" ಅನ್ನುತ್ತಿದ್ದರು. ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ಆರಿದ ಮುದ್ದೆ, ಹುರುಳಿಕಾಳು ಸಾರು. ಮುದ್ದೆ ಉಂಡ ಮೇಲೂ ತೂಕಡಿಸದ ಮನುಷ್ಯನನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ದೇವರಂಥವರು ಅಂತ ಹೇಳಲು ಬರೆಯುತ್ತಿಲ್ಲ. ಹಟ ಜಾಸ್ತಿ. ತಮ್ಮ ಇಂಗ್ಲಿಷನ್ನು ಯಾರಾದರೂ ತಿದ್ದಿದರೆ ಎರಡು ದಿನ ಅವರ ಜೊತೆ ಮಾತಾಡುತ್ತಿರಲಿಲ್ಲ. ನಾವು ದಿನದ ಕೆಲಸ ಬರೆಯುವ ಡೈರಿಯಲ್ಲಿ ಅಳತೆ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಸಹಿಸುತ್ತಿದ್ದರು, ಸುಳ್ಳು ಅಳತೆ ಬರೆದರೆ ಮಾತ್ರ ಆ ಹಾಳೆಯನ್ನೇ ಹರಿದುಹಾಕುತ್ತಿದ್ದರು. ಇಂಥವರೇ ಮುಂದೆ ಒಂದೇ ಬಾಯಲ್ಲಿ ಎರಡು ಸುಳ್ಳು ಹೇಳಿದರು. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಐಟಿಐ ಮಾಡಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ. ಅದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ ಗಣಿತದ ಭಯ. ಸಾರ್ ಮೂರು ಗಂಟೆಗೆ ಪಾಳಿ ಮುಗಿದ ಮೇಲೆ, ಮುಂದೆ ಓದುತ್ತೇವೆ ಅನ್ನುವವರನ್ನು ಕೂರಿಸಿಕೊಂಡು ಗಣಿತ, ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ನಾವು ಆರು ಜನ ಸೇರಿಕೊಂಡೆವು. ಒಂದೇ ಷರತ್ತು. ಅವರು ಹೇಳಿಕೊಟ್ಟಿದ್ದು ಕಲಿತ ಪ್ರತಿಯೊಬ್ಬರೂ ತಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಒಂದು ಮಗುವಿಗೆ ಪಾಠ ಹೇಳಬೇಕು. ಸೋಮವಾರ ಆ ಮಗುವಿನ ನೋಟ್‌ಬುಕ್ ತಂದು ತೋರಿಸಬೇಕು. ನಮ್ಮ ನೋಟ್‌ಬುಕ್ಕನ್ನು ಅವರು ಒಂದು ದಿನವೂ ಕೇಳಲಿಲ್ಲ. ತಿದ್ದುತ್ತಿದ್ದುದೆಲ್ಲ ಆ ಮಗುವಿನದನ್ನೇ.

ಇದೇನು ವಿಚಿತ್ರ ಅಂತ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಒಮ್ಮೆ ನಾನು ಕೇಳಿಯೇಬಿಟ್ಟೆ. "ನೀವ್ಯಾಕೆ ಸಾರ್ ಡಿಪ್ಲೊಮಾ ಮಾಡ್ಲಿಲ್ಲ?"

ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. "ಸೇರಿದ್ದೆ. ಬಿಟ್ಟೆ. ಹೇಳ್ಕೊಡೋರು ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಇದ್ರು. ಕೇಳೋಕೆ ನಾಚಿಕೆ ಆಯ್ತು ನನಗೆ." ಆಮೇಲೆ ಅಂದರು: "ಮೇಷ್ಟ್ರನ್ನ ಕೇಳೋಕೆ ನಾಚಿಕೆ. ಪಕ್ಕದ್ಮನೆ ಅಕ್ಕನ್ನ ಕೇಳೋಕೆ ಏನ್ ನಾಚಿಕೆ?"

ನನ್ನ ಪಾಲಿಗೆ ಬಂದವಳು ಶರಣಮ್ಮ. ರಾಯಚೂರು ಕಡೆಯವರು. ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಪ್ಪ ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಹೋಗುವವನು, ವಾರಕ್ಕೊಮ್ಮೆ ಬಂದರೆ ಹೆಚ್ಚು. ಅವ್ವ ಇಂದಿರಾನಗರದ ಎರಡು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಹುಡುಗಿ ಹಲಸೂರಿನ ಶಾಲೆಗೆ ಹೋಗುತ್ತಿದ್ದಳು, ಮಾತು ಕಡಿಮೆ, ಕೈಬರಹ ಮುತ್ತು. ಮೊದಲ ಸೋಮವಾರ ಅವಳ ನೋಟ್‌ಬುಕ್ಕನ್ನು ಸಾರ್ ಮುಂದಿಟ್ಟೆ. ಎರಡು ಪುಟ ನೋಡಿದವರೇ ನನ್ನ ಕಡೆ ತಿರುಗಿದರು. "ಸಮ ಚಿಹ್ನೆ ದಾಟುವಾಗ ಮೈನಸ್ಸು ಎಲ್ಲೋ ಬಿದ್ದೋಗ್ತಿದೆ. ಐದು ಲೆಕ್ಕದಲ್ಲೂ. ಈ ತಪ್ಪು ಅವಳದಲ್ಲ ಅಮ್ಮಣ್ಣಿ, ನಿನ್ನದು."

ನನ್ನದೇ. ಹೈಸ್ಕೂಲಿನಿಂದ ಹೊತ್ತುಕೊಂಡು ಬಂದಿದ್ದೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಹುಡುಗಿಗೆ ಸರಿಯಾಗಿ ಹೇಳಿಕೊಡುವುದಕ್ಕಾಗಿ ನಾನೇ ಒಂಬತ್ತನೇ ತರಗತಿಯ ಪುಸ್ತಕ ತೆಗೆದು ಕೂತೆ. ದೀಪಾವಳಿಯ ಹೊತ್ತಿಗೆ ಅವಳ ತಪ್ಪು ಕಡಿಮೆಯಾಗಿತ್ತು, ನನ್ನ ಭಯವೂ.

ಆ ಹೊತ್ತಿಗೆ ನನ್ನ ಆಸೆ ಗಟ್ಟಿಯಾಗಿತ್ತು. ಊರೊಳಗಿನ ಒಂದು ಸಂಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾಗೆ ಸೇರಬೇಕು. ಅಪ್ರೆಂಟಿಸ್ ಮುಗಿದ ಮೇಲೆ ಇದೇ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಓದು. ಅದಕ್ಕೆ ಕಾರ್ಖಾನೆಯಿಂದ ಒಂದು ಪತ್ರ ಬೇಕು: ಈಕೆ ನಮ್ಮಲ್ಲಿ ಕೆಲಸ ಮಾಡುತ್ತಾಳೆ, ಬೆಳಗಿನ ಪಾಳಿಯನ್ನೇ ಕೊಡುತ್ತೇವೆ ಅಂತ. ಆ ಪತ್ರಕ್ಕೆ ಸಹಿ ಹಾಕುವವರು ಸಾರ್. ಪತ್ರ ಇಲ್ಲದಿದ್ದರೆ ಸೀಟು ಇಲ್ಲ. ಸೀಟು ಇಲ್ಲದಿದ್ದರೆ ನಮ್ಮಪ್ಪ ನೋಡಿಟ್ಟಿದ್ದ ಗಂಡು ಇದ್ದೇ ಇದ್ದ, ಹೊಸಕೋಟೆಯಲ್ಲಿ ಸಿಮೆಂಟ್ ಅಂಗಡಿ.

ಸಂಕ್ರಾಂತಿ ಆದ ಮೇಲೆ ಶರಣಮ್ಮ ಪಾಠಕ್ಕೆ ಬರುವುದು ನಿಲ್ಲಿಸಿದಳು. ಅವ್ವನಿಗೆ ಸೊಂಟ ಹಿಡಿದುಕೊಂಡಿತ್ತು. ಎರಡೂ ಮನೆಯ ಕೆಲಸಕ್ಕೆ ಹುಡುಗಿ ಹೋಗತೊಡಗಿದ್ದಳು, ಶಾಲೆಯನ್ನೂ ಬಿಟ್ಟಳು. ನಾನೇನು ಮಾಡಬೇಕಿತ್ತು? ಸಾರ್‌ಗೆ ಹೇಳಬೇಕಿತ್ತು. ಮಗು ಇಲ್ಲದಿದ್ದರೆ ನನ್ನನ್ನು ಪಾಠದಿಂದ ಬಿಡಿಸುತ್ತಾರೆ, ಪತ್ರವೂ ಸಿಗುವುದಿಲ್ಲ ಅಂತ ಹೆದರಿದೆ. ಮೊದಲ ಸೋಮವಾರ ಹುಡುಗಿಗೆ ಜ್ವರ ಅಂದೆ. ಎರಡನೇ ವಾರ ಹೊಸ ನೋಟ್‌ಬುಕ್ ತಂದು ಅವಳ ಹಾಗೆ ದುಂಡಗೆ ನಾನೇ ಬರೆದೆ. ಬುದ್ಧಿವಂತೆ ನೋಡಿ, ಎಲ್ಲ ಸರಿ ಇದ್ದರೆ ಅನುಮಾನ ಬರುತ್ತದೆ ಅಂತ ಪುಟಕ್ಕೆ ಎರಡು ತಪ್ಪನ್ನೂ ಸೇರಿಸಿದೆ.

ಮೂರು ಸೋಮವಾರ ಸಾರ್ ಆ ನೋಟ್‌ಬುಕ್ಕನ್ನು ಎಂದಿನಂತೆ ತಿದ್ದಿಕೊಟ್ಟರು. ನಾಲ್ಕನೇ ಸೋಮವಾರ ಶೆಡ್ಡಿನ ಆ ತುದಿಯಿಂದ ಕೂಗು ಬಂತು.

"ಬಾರಮ್ಮ ತಾಯಿ."

ಹೋದೆ. ನೋಟ್‌ಬುಕ್ ಬೆಂಚಿನ ಮೇಲೆ ತೆರೆದಿತ್ತು. "ಕಲಿಯೋರು ಒಂದೇ ತಪ್ಪನ್ನ ಹತ್ತು ಸಲ ಮಾಡ್ತಾರೆ. ಇದರಲ್ಲಿ ಹತ್ತು ತಪ್ಪು, ಒಂದೊಂದು ಸಲ. ಕಲಿತವರು ಬೇಕೂಂತ ಹಾಕಿದ್ರೆ ಮಾತ್ರ ಹಿಂಗಿರ್ತದೆ." ನೋಟ್‌ಬುಕ್ ಮುಚ್ಚಿದರು. "ನಿನ್ನೆ ಭಾನುವಾರ ಮರ್ಫಿ ಟೌನಿಗೆ ಹೋಗಿದ್ದೆ. ಆ ಮಗು ಸಿಕ್ತು. ಕೈಯೆಲ್ಲ ಸೋಪಿನ ಪುಡಿಗೆ ಬಿಳುಚ್ಕೊಂಡಿದೆ."

"ಸಾರ್, ತಪ್ಪಾಯ್ತು."

"ತಪ್ಪನ್ನ ನಂಗ್ಯಾಕೆ ಹೇಳ್ತೀಯ. ಮಾರ್ಚಿಗೆ ಪರೀಕ್ಷೆ. ಅವಳು ಹೋಗಿ ಕೂತ್ರೆ ನಿನ್ನ ಪತ್ರಕ್ಕೆ ಸಹಿ. ಕೂರ್ಲಿಲ್ಲ ಅಂದ್ರೆ ಇಲ್ಲ. ಇನ್ನು ಹೋಗು."

ಆ ದಿನ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಯಾರದೋ ಮನೆಯ ಹುಡುಗಿ ಪಾತ್ರೆ ತೊಳೆದರೆ ನನ್ನ ಬದುಕಿಗೆ ಯಾಕೆ ಕಲ್ಲು ಹಾಕಬೇಕು? ಬಸ್ಸಿನಲ್ಲಿ ಅಳುತ್ತಲೇ ಬಂದೆ. ನಮ್ಮಮ್ಮನ ಹತ್ತಿರ ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿ ಶರಣಮ್ಮನ ಮನೆಗೆ ಹೋದೆ.

ಅವ್ವ ಗೋಡೆಗೆ ಒರಗಿಕೊಂಡು ಕೂತಿದ್ದಳು. "ಏಳಾಕ ಆಗವಲ್ದವ್ವಾ. ನಾವು ಬಿಟ್ರ ಆ ಮನೀಗೆ ಬ್ಯಾರೆಯವ್ರು ಸೇರ್ಕೋತಾರ. ಪರೀಕ್ಷಿ ಮುಂದಿನ ವರ್ಷಾನೂ ಬರ್ತದ. ಹೋದ ಮನಿ ತಿರುಗಿ ಬರಂಗಿಲ್ಲ." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಗಿ ಮೂಲೆಯಲ್ಲಿ ಜೋಳ ಆರಿಸುತ್ತಿದ್ದಳು. ನಾನು ದಾರಿಯುದ್ದಕ್ಕೂ ಓದಿನ ಮಹತ್ವದ ಬಗ್ಗೆ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದೆ. ಅದು ಬೇಕಾಗಲೇ ಇಲ್ಲ. "ಶರಣಮ್ಮ, ಪರೀಕ್ಷೆಗೆ ಕೂತ್ಕೊ" ಅಂದೆ ಅಷ್ಟೇ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಕೂಡ್ತೀನ್ರಿ ಅಕ್ಕಾ" ಅಂದಳು. ನನ್ನ ಮಾತಿಗೆ ಇಷ್ಟು ಬೆಲೆ ಇದೆಯಾ ಅಂತ ಒಳಗೊಳಗೇ ಬೀಗಿದೆ.

ಬೆಳಗಿನ ಮನೆಯ ಯಜಮಾನಿಯನ್ನು ನಾನೇ ಹೋಗಿ ಕೇಳಿದೆ. ಹತ್ತು ಗಂಟೆಯ ಕೆಲಸವನ್ನು ಆರೂವರೆಗೆ ಬದಲಿಸಿಕೊಳ್ಳಲು ಒಪ್ಪಿದರು. "ಪರೀಕ್ಷೆ ಅಂತ ಮೊದಲೇ ಹೇಳೋದಲ್ವಾ" ಅಂತ ನನ್ನನ್ನೇ ಗದರಿದರು. ಸಂಜೆಯ ಮನೆಯವರು ಒಪ್ಪಲಿಲ್ಲ, ನಾಲ್ಕೂವರೆಗೇ ಆಗಬೇಕು. ಅದನ್ನು ನಾನು ವಹಿಸಿಕೊಂಡೆ. ಮೂರಕ್ಕೆ ಪಾಳಿ ಮುಗಿಸಿ, ಬಸ್ಸು ಹಿಡಿದು, ನೂರಡಿ ರಸ್ತೆಯಲ್ಲಿಳಿದು, ಒಳರಸ್ತೆಯ ಆ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸಿ, ಆರೂವರೆಗೆ ಮನೆಗೆ ಬಂದು ಅವಳಿಗೆ ಪಾಠ. ಶಾಲೆಯ ಹೆಡ್‌ಮೇಡಂ ಪುಣ್ಯಕ್ಕೆ ಹೆಸರು ಹೊಡೆದುಹಾಕಿರಲಿಲ್ಲ, ಹುಡುಗಿ ಮತ್ತೆ ಹೋಗತೊಡಗಿದಳು. ನನ್ನ ಗಣಿತದ ಪಾಠ ತಪ್ಪಿತಲ್ಲ, ಅದನ್ನು ಸಾರ್ ಊಟದ ಅರ್ಧ ಗಂಟೆಗೆ ತಂದರು. ಎಡಗೈಯಲ್ಲಿ ಲೆಕ್ಕದ ಕಾಗದ, ಬಲಗೈಯಲ್ಲಿ ಮುದ್ದೆ. ನಾನು ಪಾತ್ರೆ ತೊಳೆಯುತ್ತಿರುವ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ, ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಾರ್ಚಿನಲ್ಲಿ ಶರಣಮ್ಮ ಪರೀಕ್ಷೆ ಬರೆದಳು. ಕೊನೆಯ ಪತ್ರಿಕೆ ಮುಗಿದ ದಿನ ನಾನು ಸಾರ್ ಮುಂದೆ ನಿಂತೆ. "ಅರ್ಜಿ ಕೊಡೋ ದಿನ ಕಾಲೇಜಿಗೆ ಹೋಗು. ಪತ್ರ ಅಲ್ಲೇ ಇರುತ್ತೆ" ಅಂದರು.

ಮೇ ತಿಂಗಳಲ್ಲಿ ಹೋದೆ. ಕಚೇರಿಯ ಗುಮಾಸ್ತರು ನನ್ನ ಹೆಸರು ಕೇಳುತ್ತಿದ್ದಂತೆ ಕಪಾಟಿನಿಂದ ಒಂದು ಫೈಲು ತೆಗೆದರು. "ಓ, ನೀವೇನಾ? ನಿಮ್ಮ ಸಾರ್ ಫೆಬ್ರವರಿಲೇ ಬಂದು ಕೊಟ್ಟೋಗಿದಾರೆ. ಅರ್ಜಿನೇ ಕರೆದಿಲ್ಲ, ಈಗ್ಲೇ ಯಾಕ್ರೀ ಅಂದ್ರೂ ಕೇಳ್ಲಿಲ್ಲ. ಫೈಲ್ ಮಾಡೋವರೆಗೂ ಏಳಲ್ಲ ಅಂತ ಈ ಬೆಂಚ್ ಮೇಲೆ ಕೂತೇಬಿಟ್ರು." ಪತ್ರದ ತಾರೀಖು ನೋಡಿದೆ. ನನ್ನನ್ನು 'ತಾಯಿ' ಅಂತ ಕರೆದು ಆ ಮಾತಾಡಿದ್ದು ಸೋಮವಾರ. ಅದೇ ವಾರದ ಶನಿವಾರ ಅವರು ಪತ್ರ ಕೊಟ್ಟು ಹೋಗಿದ್ದರು.

ಮರುದಿನ ಅವರು ಯಂತ್ರವೊಂದಕ್ಕೆ ಎಣ್ಣೆ ಹಾಕುತ್ತಿದ್ದರು. ನಾನು ನೇರವಾಗಿ ಕೇಳಿದೆ. "ಪತ್ರ ಮೊದಲೇ ಕೊಟ್ಟಿದ್ರಲ್ಲ ಸಾರ್. ಯಾಕೆ ಹೇಳ್ಲಿಲ್ಲ?"

"ನಿನ್ನ ಸೀಟು ನಿನ್ನದು. ಅದನ್ನ ಹಿಡಿದಿಟ್ಕೊಳ್ಳೋಕೆ ನಾನ್ಯಾರು?" ಎಣ್ಣೆ ಕುಡಿಕೆ ಕೆಳಗಿಟ್ಟರು. "ಹೇಳಿದ್ದಿದ್ರೆ ನೀನು ಆ ಮನೆಗೆ ಪಾತ್ರೆ ತೊಳೆಯೋಕೆ ಹೋಗ್ತಿದ್ಯಾ?"

ಹೋಗುತ್ತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತಿತ್ತು.

ಶರಣಮ್ಮ ವಿಜ್ಞಾನದಲ್ಲಿ ಫೇಲಾಗಿ, ಪೂರಕ ಪರೀಕ್ಷೆಯಲ್ಲಿ ಅದನ್ನೂ ತೆಗೆದುಕೊಂಡಳು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ. ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿ, ಈಗ ಒಂದು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅಪ್ರೆಂಟಿಸ್. ಅದು ಮುಗಿಸಿ ಡಿಗ್ರಿಗೆ ಸೇರುವ ಯೋಚನೆ ಇದೆ. ನಾನು ಡಿಪ್ಲೊಮಾ ಮುಗಿಸಿ, ಸಂಜೆ ಬಿಇ ಓದುತ್ತಾ ಡ್ರಾಯಿಂಗ್ ವಿಭಾಗದಲ್ಲಿದ್ದೇನೆ. ಸಿಮೆಂಟ್ ಅಂಗಡಿಯವರಿಗೆ ಬೇರೆ ಮದುವೆಯಾಗಿ ಎರಡು ಮಕ್ಕಳು. ಸಾರ್ ನಿವೃತ್ತರಾದ ಮೇಲೂ ಊರಿನ ಮನೆಯ ಜಗುಲಿಯಲ್ಲಿ ಹುಡುಗರನ್ನು ಕೂರಿಸಿಕೊಂಡಿದ್ದರಂತೆ. ನಾನು ಹೋಗಿ ನೋಡಿಬರಬೇಕು ಅಂದುಕೊಂಡದ್ದೇ ಬಂತು. ಅವರೆದುರು ನಿಲ್ಲಲು ಮುಜುಗರ ಅಂತ ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಒಳಗನ್ನು ಅಷ್ಟು ಸರಿಯಾಗಿ ಕಂಡವರು ಅವರೊಬ್ಬರೇ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆವು, ನಾನೂ ಶರಣಮ್ಮನೂ. ಮನೆ ತುಂಬ ಜನ. ಸಾರ್ ಹೆಂಡತಿ ನಮ್ಮನ್ನು ಕೂರಿಸಿಕೊಂಡು, ನೀವು ಯಾರಮ್ಮ ಅಂದರು. ಶರಣಮ್ಮ ನನ್ನ ಕೈ ಹಿಡಿದುಕೊಂಡು ಅಷ್ಟೂ ಜನರ ಎದುರಿಗೆ ಹೇಳಿದಳು: "ಅಮ್ಮಾ, ಇವ್ರು ನಮ್ಮಕ್ಕ. ಅವತ್ತು ಇವ್ರು ಬಂದು ಕರೀದೇ ಇದ್ದಿದ್ರೆ ನಾನು ಇವತ್ತೂ ಪಾತ್ರೆ ತೊಳೀತಿದ್ದೆ." ಎಲ್ಲರೂ ನನ್ನನ್ನು ನೋಡಿದರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ವಾಪಸ್ ಬರುವಾಗ ಕೆ.ಆರ್. ಪುರದ ಮೆಟ್ರೊ ನಿಲ್ದಾಣದಲ್ಲಿ ಹೇಳಿಬಿಟ್ಟೆ. ಇನ್ನು ಇಟ್ಟುಕೊಳ್ಳಲು ಆಗಲಿಲ್ಲ. "ನಿನಗೋಸ್ಕರ ಬರ್ಲಿಲ್ಲ ಕಣೇ ನಾನು. ನೀನು ಪರೀಕ್ಷೆಗೆ ಕೂರದಿದ್ರೆ ಪತ್ರ ಕೊಡಲ್ಲ ಅಂದಿದ್ರು ಸಾರ್. ನನ್ನ ಸೀಟಿಗೋಸ್ಕರ ಬಂದೆ."

ಅವಳಿಗೆ ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ. "ಗೊತ್ತೈತ್ರಿ ಅಕ್ಕಾ" ಅಂದಳು.

"ಏನು ಗೊತ್ತು?"

"ನಿಮಗಿಂತ ಮೊದ್ಲ ಸಾರ್ ಬಂದಿದ್ರಲ್ಲ, ಭಾನುವಾರ. ಪರೀಕ್ಷೆಗೆ ಕೂಡು ಅಂದ್ರು. ಒಲ್ಲೆ ಅಂದೆ. ಮೂರು ಸಲ ಕೇಳಿದ್ರು, ಮೂರು ಸಲಾನೂ ಒಲ್ಲೆ ಅಂದೆ. ಅವ್ವನ್ನ ಬಿಟ್ಟು ಹೆಂಗ ಓದ್ಲಿ? ಆಮ್ಯಾಲ ಹೇಳಿದ್ರು, ನೀ ಕೂಡದಿದ್ರ ನಿಮ್ಮಕ್ಕನ ಕಾಲೇಜು ಸೀಟು ಹೋಗ್ತದ, ಆಕೀಗೆ ನಾನು ಹೇಳೀನಿ ಅಂತ ಹೇಳಬ್ಯಾಡ ಅಂತ." ರೈಲು ಬರುವ ಕಡೆ ನೋಡುತ್ತಾ ಮುಂದುವರಿಸಿದಳು. "ನನಗ ಓದೋ ಮನಸ್ಸ ಇರ್ಲಿಲ್ರಿ ಆಗ. ನಿಮ್ಮ ಸೀಟು ಹೋಗಬಾರ್ದು ಅಂತ ಬರೆದೆ."

ಆ ಪತ್ರ ಅದಾಗಿ ಒಂದು ವಾರದೊಳಗೇ ಕಾಲೇಜಿನ ಫೈಲಿನಲ್ಲಿತ್ತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆಗೆ ಮುಂಚಿನ ಆ ಸಂಜೆಗಳು ನೆನಪಾದವು. ಇಂದಿರಾನಗರದಿಂದ ದಣಿದು ಬಂದು, ಅವಳು ಲೆಕ್ಕ ತಪ್ಪಿದಾಗಲೆಲ್ಲ ನಾನು ರೇಗುತ್ತಿದ್ದೆ: ನಿನಗೋಸ್ಕರ ನಾನು ಇನ್ನೊಬ್ಬರ ಮನೆ ಪಾತ್ರೆ ತೊಳೆದು ಬರ್ತಿದೀನಿ, ಸ್ವಲ್ಪನಾದ್ರೂ ಉಪಕಾರ ಸ್ಮರಣೆ ಇದೆಯಾ ನಿನಗೆ? ಬೆಳಿಗ್ಗೆ ಆರೂವರೆಗೆ ತಾನೂ ಪಾತ್ರೆ ತೊಳೆದು ಶಾಲೆಗೆ ಹೋಗಿ ಬಂದಿದ್ದ ಹದಿನೈದು ವರ್ಷದ ಆ ಹುಡುಗಿ, ಯಾರ ಸೀಟಿಗಾಗಿ ಓದುತ್ತಿದ್ದೇನೆ ಅಂತ ಗೊತ್ತಿದ್ದೂ, "ತಪ್ಪಾತ್ರಿ ಅಕ್ಕಾ" ಅಂದು ತಲೆ ತಗ್ಗಿಸಿ ಅದೇ ಲೆಕ್ಕವನ್ನು ಮತ್ತೆ ಮೊದಲಿಂದ ಬರೆಯುತ್ತಿದ್ದಳು.